ಕ್ಲಿಪ್ ಬಿಚ್ಚಿದ ಚಾಕು

ಮೌನೇಶನ ಚಾಕುವಿನ ಕ್ಲಿಪ್ ಬಿಚ್ಚಿದ್ದು ನಾನು. ಏಳು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

೧೯೯೭ರ ಮೇ ತಿಂಗಳು. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ತಂಗಿ ಶ್ರೀದೇವಿಯ ನಿಶ್ಚಿತಾರ್ಥ. ಛತ್ರ ಬೇಡ, ಮನೆ ಮುಂದೆಯೇ ಶಾಮಿಯಾನ ಹಾಕಿಸೋಣ ಅಂತ ಅಪ್ಪ ಪರಮಶಿವಯ್ಯ ಹಟ ಹಿಡಿದಿದ್ದರು. ಅವರಿಗೆ ಮಂಡಿನೋವು, ಆದ್ದರಿಂದ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವನು. ಒಂದು ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಆ ಹಾಳೆ ಹರಿದು ಮತ್ತೆ ಮೊದಲಿಂದ ಶುರುಮಾಡುವ ಜಾತಿ. ಮನೆಯ ಕಾರ್ಯವನ್ನೂ ಹಾಗೇ ಮಾಡಲು ಹೊರಟಿದ್ದೆ.

ಶಾಮಿಯಾನದ ಉಗ್ರಪ್ಪನ ಅಂಗಡಿ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಅವನ ಕಡೆಯಿಂದ ಬಂದ ಮೇಸ್ತ್ರಿ ಮೌನೇಶ. ರಾಯಚೂರಿನ ಕಡೆಯವನು, ಮೂವತ್ತರ ಆಸುಪಾಸು, ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಮಾಡಿಕೊಂಡು ಹೆಂಡತಿ ಶಂಕ್ರವ್ವನ ಜೊತೆ ಇದ್ದ. ನಿಶ್ಚಿತಾರ್ಥದ ಹಿಂದಿನ ದಿನ ಅವನು ಕೆಲಸ ಮಾಡುವುದನ್ನು ನಾನು ಕಾಂಪೌಂಡಿಗೆ ಒರಗಿ ಒಂದು ಗಂಟೆ ನೋಡಿದ್ದೆ. ಕಂಬವನ್ನು ಎಡಗೈಯಲ್ಲಿ ತಬ್ಬಿಕೊಂಡು ಸರಸರ ಹತ್ತುವನು. ತುದಿಯಲ್ಲಿ ನಿಂತು ಬಲಗೈಯ ಎರಡು ಬೆರಳು ಪ್ಯಾಂಟಿನ ಜೇಬಿನ ಅಂಚಿಗೆ ಹೋಗುವವು, ಅಲ್ಲಿ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡಿದ್ದ ಮಡಚುವ ಚಾಕು ಹೊರಬರುವುದು. ಹೆಬ್ಬೆರಳಿನಲ್ಲೇ ತೆರೆದು, ಹಗ್ಗ ಕತ್ತರಿಸಿ, ತೊಡೆಗೆ ಒತ್ತಿ ಮಡಚಿ, ಮತ್ತೆ ಅದೇ ಅಂಚಿಗೆ ಸಿಕ್ಕಿಸುವನು. ಒಂದು ಸಲವೂ ಕೆಳಗೆ ನೋಡಿದ್ದು ನಾನು ಕಾಣೆ.

"ಎಲ್ಲಿ ತಗೊಂಡೆ?" ಅಂತ ಕೇಳಿದ್ದೆ.

"ಮೆಜೆಸ್ಟಿಕ್‌ನ್ಯಾಗ್ರಿ. ಫಾರಿನ್ ಮಾಲು ಅಂದ. ಇರ್ಲಿಕ್ಕಿಲ್ಲ. ಆದ್ರ ಕ್ಲಿಪ್ ಚಲೋ ಅದ."

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಗಂಡಿನ ಕಡೆಯವರು ಬನಶಂಕರಿಯಿಂದ ಎರಡು ಕಾರು, ಒಂದು ವ್ಯಾನಿನಲ್ಲಿ ಬಂದಿಳಿದರು. ಹುಡುಗನ ದೊಡ್ಡಪ್ಪ ಜಯದೇವಪ್ಪ, ಬಟ್ಟೆ ವ್ಯಾಪಾರಿ, ಅವರ ಮನೆಯಲ್ಲಿ ಅವರ ಮಾತೇ ಮಾತು. ಚಪ್ಪಲಿ ಬಿಡುತ್ತಾ ತಲೆಯೆತ್ತಿದವರು, ತೋರಣ ಬಿಗಿಯುತ್ತಿದ್ದ ಮೌನೇಶನನ್ನು ನೋಡಿ ನಕ್ಕರು.

"ಏನ್ರೀ ಚಿದಾನಂದ್, ಮಂಗಳ ಕಾರ್ಯಕ್ಕೆ ಸೊಂಟದಲ್ಲಿ ಚಾಕು ಸಿಕ್ಕಿಸಿಕೊಂಡೋರನ್ನ ಕಾವಲಿಗೆ ಇಟ್ಟಿದೀರಾ?"

ಹಿಂದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಜಯದೇವಪ್ಪ ಅದನ್ನು ಅಲ್ಲೇ ಮರೆತು ಒಳಗೆ ಹೋದರು. ಮರೆಯದವನು ನಾನು.

ಮೌನೇಶನನ್ನು ಪಕ್ಕದ ಓಣಿಗೆ ಕರೆದೆ. "ಆ ಚಾಕು ತೆಗೆದು ಎಲ್ಲಾದ್ರೂ ಇಡಪ್ಪ. ನೋಡೋಕೆ ಚೆನ್ನಾಗಿಲ್ಲ."

"ಸಾರ್, ಮ್ಯಾಲ ಹತ್ತಿದಾಗ ಬೇಕಾಗ್ತದ್ರಿ. ಮೂರು ದಿನದಿಂದ ಸಂಜಿ ಗಾಳಿ ಎದ್ದದ."

"ಹಾಗಾದ್ರೆ ಜೇಬೊಳಗೆ ಹಾಕ್ಕೋ. ಹೊರಗೆ ಕಾಣಬಾರದು."

ಅವನು ಚಾಕು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. "ಕ್ಲಿಪ್ಪಿಗೆ ಕೆಟ್ಟ ಗುಣಾನೂ ಅದಾವ್ರಿ, ಇಲ್ಲಂತ ಅನ್ನಂಗಿಲ್ಲ. ನನ್ನವು ಎರಡು ಪ್ಯಾಂಟಿನ ಕಿಸೆ ಹರದಾವ. ಮ್ಯಾಟಡಾರ್ ಗಾಡಿ ಬಾಗ್ಲಿಗೆ ಗೀರು ಬಿದ್ದು ಉಗ್ರಪ್ಪ ಅವ್ರ ಕಡೆ ಬೈಸಿಕೊಂಡೀನಿ. ಬಸ್ಸಿನ್ಯಾಗ ಬಾಜೂಕ ಕುಂತೋರು ಹೊಳ್ಳಿ ಹೊಳ್ಳಿ ನೋಡ್ತಾರ. ಆದ್ರ ಇದು ಇದ್ರ ಚಾಕು ಕಿಸೆದ ಹೊಲಿಗಿಗೆ ಹತ್ತಿ ನೆಟ್ಟಗ ನಿಂದರ್ತದ. ಬ್ಲೇಡು ತೆರಿಬೇಕಂದ್ರ ಹೊಲಿಗಿ ಅಡ್ಡ ಬರ್ತದ. ಸುಮ್ನ ಒಳಗ ಹಾಕಿದ್ರ ಕೀಲಿಕೈ, ಚಿಲ್ಲರ, ಎಲ್ಲದರ ಜೊತಿ ಉರುಳಾಡ್ತದ. ಯಾವಾಗ ಹೆಂಗ ತಿರುಗಿರ್ತದೋ ಗೊತ್ತಾಗಂಗಿಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿದ್ದ. ನನಗೆ ಅರ್ಥವಾಗಲಿಲ್ಲ ಅನ್ನುವಂತಿಲ್ಲ. ಒಳಗಿನಿಂದ ಅಮ್ಮ ಕಮಲಾದೇವಿ "ಚಿದೂ, ಹಾರ ಎಲ್ಲೋ?" ಅಂತ ಕೂಗುತ್ತಿದ್ದರು. ನನಗೆ ಅವಸರ. ಅದಕ್ಕಿಂತ ಹೆಚ್ಚಾಗಿ, ನನಗೆ ಎದುರುತ್ತರ ಕೊಡುತ್ತಿದ್ದಾನೆ ಅನ್ನುವ ಸಿಟ್ಟು.

"ಕೊಡಿಲ್ಲಿ" ಅಂದೆ.

ನನ್ನ ನಕ್ಷೆಯ ಪೆಟ್ಟಿಗೆಯಲ್ಲಿ ಕೈವಾರ ಬಿಗಿಯುವ ಸಣ್ಣ ಸ್ಕ್ರೂಡ್ರೈವರ್ ಇತ್ತು. ಕೋಣೆಗೆ ಹೋಗಿ, ಎರಡು ಸ್ಕ್ರೂ ಬಿಚ್ಚಿ, ಕ್ಲಿಪ್ಪನ್ನು ಮೇಜಿನ ಖಾನೆಗೆ ಹಾಕಿ, ಚಾಕು ತಂದು ಅವನ ಕೈಗಿಟ್ಟೆ. "ಕಾರ್ಯ ಮುಗಿದ ಮೇಲೆ ಹಾಕಿಕೊಡ್ತೀನಿ." ಅವನು ಚಾಕುವನ್ನು ಒಮ್ಮೆ ತಿರುಗಿಸಿ ನೋಡಿ ಜೇಬಿಗಿಳಿಸಿದ.

ಮಾತುಕತೆ, ಉಂಗುರ, ಆರತಿ, ಎಲ್ಲ ಚೆನ್ನಾಗಿ ನಡೆಯಿತು. ಎರಡೂವರೆಯ ಹೊತ್ತಿಗೆ ಕೊನೆಯ ಪಂಕ್ತಿ ಕೂತಿತ್ತು. ಹೆಚ್ಚಾಗಿ ಹೆಂಗಸರು, ಮಕ್ಕಳು. ನಾನೇ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಬೆಳಕು ಹಳದಿಗಟ್ಟಿತು, ಬೀದಿಯ ತುದಿಯಿಂದ ಧೂಳು, ತರಗೆಲೆ, ಗುಲ್‌ಮೊಹರಿನ ಹೂವು ಎಲ್ಲ ಒಟ್ಟಿಗೆ ನುಗ್ಗಿ ಬಂತು. ಶಾಮಿಯಾನ ಹೊಟ್ಟೆ ಉಬ್ಬಿಸಿಕೊಂಡು ಮೇಲೆದ್ದಿತು. ಮೂಲೆಯ ಕಂಬ ನೆಲದಿಂದ ಒಂದು ಗೇಣು ಎದ್ದು ಮತ್ತೆ ಕುಕ್ಕಿತು. ಹೆಂಗಸರು ಚೀರಿದರು.

"ಯಾರೂ ಏಳಬ್ಯಾಡ್ರಿ! ತಗ್ಗಿ ಕುಂದರ್ರಿ!" ಮೌನೇಶ ಕೂಗುತ್ತಾ ಆಗಲೇ ಕಂಬ ಹತ್ತುತ್ತಿದ್ದ. ಗಾಳಿ ಬಂದ ಕಡೆಯ ಹಗ್ಗ ಕತ್ತರಿಸಿದರೆ ಬಟ್ಟೆ ರಸ್ತೆಯ ಕಡೆಗೆ ಮಗುಚುತ್ತದೆ, ಇಲ್ಲದಿದ್ದರೆ ಕಂಬಗಳ ಸಮೇತ ಊಟದವರ ಮೇಲೆ ಬೀಳುತ್ತದೆ. ಅವನ ಎಡಗೈ ಕಂಬ ತಬ್ಬಿತ್ತು. ಬಲಗೈ ಅಭ್ಯಾಸದಂತೆ ಜೇಬಿನ ಅಂಚಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಕೈ ಒಳಗೆ ನುಗ್ಗಿತು. ಒಂದು ಗಳಿಗೆ ಅವನ ಮುಖ ಹಿಂಡಿದಂತಾಯಿತು. ಕೈ ಹೊರಬಂದಾಗ ಚಾಕು ಅರ್ಧ ತೆರೆದಿತ್ತು, ಕೈ ಕೆಂಪಾಗಿತ್ತು.

ಆದರೂ ಹಗ್ಗ ಕತ್ತರಿಸಿದ. ಚಾಕುವನ್ನು ಎಡಗೈಗೆ ಬದಲಿಸಿ, ಕಂಬವನ್ನು ಬಲ ಮೊಣಕೈಯಲ್ಲಿ ಅಪ್ಪಿಕೊಂಡು, ಎರಡು ಹಗ್ಗ ಕತ್ತರಿಸಿದ. ಬಟ್ಟೆ ಭರ್ರೆಂದು ರಸ್ತೆಗೆ ಕುಸಿಯಿತು. ಊಟಕ್ಕೆ ಕೂತವರಲ್ಲಿ ಒಬ್ಬರಿಗೂ ಒಂದು ಗೀರು ಬೀಳಲಿಲ್ಲ. ಇಳಿದವನು ಕಾಂಪೌಂಡಿನ ಮೇಲೆ ಕೂತು, "ನೀರು ಕೊಡ್ರಿ" ಅಂದ.

ಬಂದವರಿಗೆ ಹಂಚಲು ತಂದಿದ್ದ ಎರಡು ಡಜನ್ ಹೊಸ ಟವೆಲುಗಳಲ್ಲಿ ಒಂದನ್ನು ಶ್ರೀದೇವಿ ಓಡಿಬಂದು ಅವನ ಕೈಗೆ ಸುತ್ತಿದಳು. ಅದು ಕೆಂಪಾದ ಮೇಲೆ ಇನ್ನೊಂದು. ಬೆಳಿಗ್ಗೆ ಇದನ್ನೇ ಕೊಟ್ಟು "ಸೊಂಟಕ್ಕೆ ಕಟ್ಟಿಕೋ, ಚಾಕು ಮುಚ್ಚುತ್ತೆ" ಅಂದಿದ್ದರೆ ಮುಗಿಯುತ್ತಿತ್ತು. ಆ ಯೋಚನೆ ನನಗೆ ಅಲ್ಲೇ, ಆಗಲೇ ಬಂತು.

ಜಯದೇವಪ್ಪನವರೇ ತಮ್ಮ ಕಾರಿನಲ್ಲಿ ಜಯನಗರದ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದರು. ನಾನು ಹಿಂದೆ ಮೌನೇಶನ ಕೈ ಎತ್ತಿ ಹಿಡಿದು ಕೂತಿದ್ದೆ. ತೋರುಬೆರಳು, ಮಧ್ಯದ ಬೆರಳು ಎರಡರಲ್ಲೂ ಒಳಗಿನ ಸ್ನಾಯುರಜ್ಜು ತುಂಡಾಗಿದೆ, ಹೊಲಿಯುತ್ತೇವೆ, ಮೊದಲಿನ ಹಾಗೆ ಮಡಚುವುದು ಅನುಮಾನ ಅಂದರು ಡಾಕ್ಟರು.

ಅಷ್ಟರಲ್ಲಿ ಉಗ್ರಪ್ಪ ಬಂದ. ಗಾಬರಿಯಾದರೆ ಬೈಯುವ ಮನುಷ್ಯ.

"ಹದಿನೈದು ವರ್ಷದಿಂದ ಈ ಲೈನಲ್ಲಿದೀನಿ. ಚಾಕೂನ ಲೂಸಾಗಿ ಜೇಬಲ್ಲಿ ಹಾಕ್ಕೊಂಡು ಕಂಬ ಹತ್ತೋನ್ನ ಎಲ್ಲೂ ನೋಡಿಲ್ಲ! ಕ್ಲಿಪ್ ಏನಾಯ್ತೋ?"

ಮೌನೇಶ ನನ್ನ ಕಡೆ ನೋಡಿದ. ದೂರುವ ನೋಟವಲ್ಲ. ಈಗ ನಾನು ಹೇಳುತ್ತೇನೆ ಅಂತ ಕಾಯುವ ನೋಟ. ನನ್ನ ಪಕ್ಕದಲ್ಲಿ ಜಯದೇವಪ್ಪ ನಿಂತಿದ್ದರು. ಅವರ ತಮಾಷೆಯ ಮಾತಿನಿಂದ ಹೀಗಾಯಿತು ಅಂತ ಅವರಿಗೆ ಗೊತ್ತಾಗುತ್ತದೆ, ಮೊದಲ ದಿನವೇ ಸಂಬಂಧಕ್ಕೆ ಹುಳಿ ಹಿಂಡಿದಂತಾಗುತ್ತದೆ. ಇದನ್ನೆಲ್ಲ ಆಗಲೇ ಯೋಚಿಸಿದೆನೋ, ಆಮೇಲೆ ಹೊಂದಿಸಿಕೊಂಡೆನೋ ಹೇಳಲಾರೆ. ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

"ಬಿದ್ದು ಹೋತ್ರಿ ಎಲ್ಲೋ" ಅಂದ ಮೌನೇಶ.

"ಬಿದ್ದು ಹೋದ್ರೆ ಬೇರೆ ತರೋಕೆ ಬರಲ್ವಾ? ಬೇಜವಾಬ್ದಾರಿ!"

ಹತ್ತು ದಿನ ಬಿಟ್ಟು ಹಣ್ಣು ತೆಗೆದುಕೊಂಡು ಬಿಟಿಎಂನ ಅವನ ರೂಮಿಗೆ ಹೋದೆ. ಶಂಕ್ರವ್ವ ಚಾಪೆ ಹಾಸಿ, ಚಹಾ ಮಾಡಿ ಕೊಟ್ಟಳು. ಅವಳಿಗೂ ಅವನು ಹೇಳಿರಲಿಲ್ಲ ಅಂತ ಅವಳ ಉಪಚಾರದಲ್ಲೇ ತಿಳಿಯಿತು. ನನ್ನನ್ನು ಬೀಳ್ಕೊಡಲು ಮೌನೇಶ ಬಸ್‌ಸ್ಟಾಪಿನವರೆಗೆ ಬಂದ.

"ಸಾರ್, ಉಗ್ರಪ್ಪ ಅವ್ರಿಗೆ ಒಂದು ಮಾತು ಹೇಳ್ರಿ. ಬೇಪರ್ವಾ ಮನಷ್ಯಾ ಅಂತ ತಿಳ್ಕೊಂಡಾರ. ನಾನು ಹೇಳಿದ್ರ ನೆಪ ಹೇಳಿದಂಗ ಆಗ್ತದ. ನೀವು ಹೇಳಿದ್ರ ನಂಬ್ತಾರ."

"ಖಂಡಿತ ಹೇಳ್ತೀನಿ."

ಹೇಳಬೇಕೆಂದೇ ಇದ್ದೆ. ಜೂನ್ ಕೊನೆಯಲ್ಲಿ ಮದುವೆ, ಅದು ಮುಗಿಯಲಿ ಅಂದುಕೊಂಡೆ. ಮದುವೆ ಮುಗಿಯಿತು. ಶ್ರೀದೇವಿ ಹೊಸ ಮನೆಗೆ ಹೊಂದಿಕೊಳ್ಳಲಿ ಅಂದುಕೊಂಡೆ. ಅವಳು ಹೊಂದಿಕೊಂಡಳು. ಆಮೇಲೆ ಇಷ್ಟು ತಡವಾಗಿ ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅನ್ನುವುದಿಲ್ಲವೇ ಅನಿಸಿತು. ಉಗ್ರಪ್ಪನ ಅಂಗಡಿ ದಾಟಿ ಬಸ್ಸಿಗೆ ಹೋಗುತ್ತಿದ್ದವನು ಹಿಂದಿನ ರಸ್ತೆ ಹಿಡಿದೆ. ಮೌನೇಶ ಅಲ್ಲಿ ಕೆಲಸಕ್ಕಿಲ್ಲ ಅಂತ ಯಾರೋ ಹೇಳಿದರು. ಕೈ ಹಾಗಾದ ಮೇಲೆ ಇನ್ನೇನು ಅಂದುಕೊಂಡು ಅದನ್ನೂ ನುಂಗಿದೆ.

೨೦೦೪ರಲ್ಲಿ ಶ್ರೀದೇವಿಯ ಎರಡನೇ ಮಗುವಿನ ನಾಮಕರಣ ನಮ್ಮ ಮನೆಯಲ್ಲೇ ಅಂತಾಯಿತು. "ಉಗ್ರಪ್ಪನಿಗೇ ಹೇಳಿ ಬಾ" ಅಂದರು ಅಪ್ಪ. ಹೋದೆ. ಉಗ್ರಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು. ಕುರ್ಚಿ, ಕಾರ್ಪೆಟ್ ಎಷ್ಟು ಬೇಕು ಅಂತ ಬರೆದುಕೊಳ್ಳುತ್ತಾ ತಾನಾಗಿಯೇ ಅಂದ, "ನಿಮ್ಮನೆ ಫಂಕ್ಷನ್ನಲ್ಲೇ ಅಲ್ವಾ ಸಾರ್ ನಮ್ ಮೌನೇಶ ಕೈ ಹಾಳು ಮಾಡ್ಕೊಂಡಿದ್ದು. ಅಂಥ ಕೆಲಸಗಾರ ಮತ್ತೆ ಸಿಗಲಿಲ್ಲ. ಅಜಾಗರೂಕತೆ ಒಂದಿಲ್ದೆ ಇದ್ದಿದ್ರೆ..."

ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ. ಹೇಳಿದೆ. ಓಣಿ, ಸ್ಕ್ರೂಡ್ರೈವರ್, ನರ್ಸಿಂಗ್ ಹೋಮಿನ ಗೋಡೆ, ಎಲ್ಲ.

ಉಗ್ರಪ್ಪ ಪೆನ್ನು ಕೆಳಗಿಟ್ಟ.

"ಬೆರಳು ಹೋಯ್ತು ಅಂತ ನಾನು ಅವನ್ನ ಕಳಿಸಲಿಲ್ಲ ಸಾರ್. ಕಂಬ ಹತ್ತೋರು ಎಲ್ಲಾದ್ರೂ ಸಿಗ್ತಾರೆ. ಕೆಳಗೆ ನಿಂತು ಹತ್ತೋರನ್ನ ನೋಡ್ಕೊಳ್ಳೋಕೆ ನನಗೆ ಒಬ್ಬ ಬೇಕಿತ್ತು. ಅವನನ್ನೇ ಇಟ್ಕೋಬೇಕು ಅಂತಿದ್ದೆ. ಆದ್ರೆ ತನ್ನ ಜೀವದ ಮೇಲೇ ನಿಗಾ ಇಲ್ದೋನು ನಾಲ್ಕು ಜನರ ಜೀವ ಹೆಂಗೆ ಕಾಯ್ತಾನೆ ಅಂತ ಬೇಡ ಅಂದೆ. ಒಂದು ಮಾತು. ಒಂದೇ ಒಂದು ಮಾತು ನೀವು ಹೇಳಿದ್ದಿದ್ರೆ..." ಬರೆದಿದ್ದ ಹಾಳೆಯನ್ನು ಹರಿದ. "ಬೇರೆ ಕಡೆ ನೋಡ್ಕೊಳ್ಳಿ ಸಾರ್. ಬೇಜಾರು ಮಾಡ್ಕೋಬೇಡಿ."

ಅವನೇ ಹೇಳಿದ್ದು, ಮೌನೇಶ ಗೊಟ್ಟಿಗೆರೆಯಲ್ಲಿ ಒಂದು ನರ್ಸರಿಯಲ್ಲಿದ್ದಾನೆ ಅಂತ. ಭಾನುವಾರ ಬನ್ನೇರುಘಟ್ಟ ರಸ್ತೆಯ ಬಸ್ಸು ಹಿಡಿದು ಹೋದೆ. ರಸ್ತೆ ಪಕ್ಕ ಹಸಿರು ಬಲೆ ಕಟ್ಟಿದ ಜಾಗ. ಮೌನೇಶ ಕ್ರೋಟನ್ ಕುಂಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದ. ಪೈಪು ಎಡಗೈಯಲ್ಲಿತ್ತು. ಬಲಗೈಯ ಎರಡು ಬೆರಳು ಯಾವುದೋ ದಿಕ್ಕು ತೋರಿಸುತ್ತಿರುವಂತೆ ನೆಟ್ಟಗೆ ನಿಂತಿದ್ದವು. ನನ್ನನ್ನು ತಕ್ಷಣ ಗುರುತು ಹಿಡಿದ.

"ತಂಗಿ ಹೆಂಗದಾರ್ರಿ?" ಅಂತ ಮೊದಲು ಅದನ್ನೇ ಕೇಳಿದ.

"ಚೆನ್ನಾಗಿದಾಳೆ. ಮೌನೇಶ, ನಾನು ಉಗ್ರಪ್ಪನಿಗೆ ಹೇಳಿದೆ. ಎಲ್ಲಾ ಹೇಳಿದೆ."

"ಈಗ ಹೇಳಿದ್ರ್ಯಾ?"

"ಮೊನ್ನೆ."

ಅವನು ಪೈಪನ್ನು ಮುಂದಿನ ಸಾಲಿಗೆ ತಿರುಗಿಸಿದ. "ಕೈ ವಾಸಿಯಾದ ಮ್ಯಾಲ ಎರಡು ತಿಂಗಳು ದಿನಾ ಅಂಗಡಿಗೆ ಹೋಗಿ ನಿಂದರ್ತಿದ್ದೆ ಸಾರ್. ಇವತ್ತು ಹೇಳಿರ್ತೀರಿ, ನಾಳೆ ಹೇಳಿರ್ತೀರಿ ಅಂತ. ಉಗ್ರಪ್ಪ ಅವ್ರ ಮಾರಿ ನೋಡಿದ ಕೂಡ್ಲೆ ಗೊತ್ತಾಗ್ತಿತ್ತು, ಇನ್ನಾ ಹೇಳಿಲ್ಲ ಅಂತ. ಬೆರಳಿನ ಸಿಟ್ಟು ಇಲ್ರಿ ನನಗ. ಅದು ಗಾಳಿ ದಿನ, ಏನಾದ್ರೂ ಆಗ್ತಿತ್ತು. ಆ ಎರಡು ತಿಂಗಳು ಮಾತ್ರ ಮರಿಲಿಕ್ಕೆ ಆಗವಲ್ದು."

ಕ್ಷಮಿಸು ಅನ್ನಲು ಬಾಯಿ ತೆರೆದೆ. ಆ ಹೊತ್ತಿಗೆ ಯಾರೋ ದಂಪತಿ ಗುಲಾಬಿ ಗಿಡ ಕೇಳಿಕೊಂಡು ಬಂದರು. ಮೌನೇಶ ಕುಂಡವನ್ನು ಬಲ ಮುಂಗೈಯ ಮೇಲೆ ಕೂರಿಸಿ ಎದೆಗೊತ್ತಿ ಎತ್ತಿದ. ನಾನು ಕೈ ಕೊಡಲು ಹೋದೆ. "ಬಿಡ್ರಿ, ರೂಢಿ ಆಗ್ಯದ" ಅಂದ. ಮರಳಿ ಬಂದವನು "ಬಿಸಲಾಗ ನಿಂತೀರಿ, ಹೋಗಿ ಬರ್ರಿ" ಅಂದ. ಕ್ಷಮೆ ಕೇಳದೆಯೇ ಬಸ್ಸಿನ ಕಡೆ ನಡೆದೆ.

ಅವತ್ತು ಸಂಜೆ ಶ್ರೀದೇವಿಗೆ ಹೇಳಿದೆ. ಅವಳು ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು. ಮೊದಲಿಂದ ಕೊನೆಯವರೆಗೂ ಕೇಳಿದಳು.

"ಅವತ್ತು ನೀನು ಹೇಳಿದ್ದಿದ್ರೆ ನನ್ನ ಮದುವೆ ನಿಲ್ತಿತ್ತಾ ಅಣ್ಣ?"

"ಇಲ್ಲ" ಅಂದೆ. ಜಯದೇವಪ್ಪ ಹೆಚ್ಚೆಂದರೆ ಅಯ್ಯೋ ಪಾಪ ಅಂದು, ಮೌನೇಶನ ಹೆಗಲ ಮೇಲೆ ಕೈಯಿಟ್ಟು, ಅಲ್ಲೇ ಉಗ್ರಪ್ಪನಿಗೆ ಅವನ ಪರವಾಗಿ ನಾಲ್ಕು ಮಾತು ಹೇಳುತ್ತಿದ್ದರು. ಅಂಥ ಮನುಷ್ಯ ಅವರು. ಅದು ನನಗೆ ಅವತ್ತೂ ಗೊತ್ತಿತ್ತು.

"ಮತ್ತೆ ಯಾಕೆ ಹೇಳಲಿಲ್ಲ?" ಅಂದಳು ಶ್ರೀದೇವಿ.

ಅವಳು ಸ್ವಲ್ಪ ಹೊತ್ತು ಕಾದು, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.