ಸುಣ್ಣದ ಬೆರಳು

ಪ್ರೊಫೆಸರ್ ತಾರಾನಾಥರು ಬಾವಿನೀರು ತುಂಬಿದ್ದ ಬಾಟಲಿಗೆ ಅದ್ದಿ ತೆಗೆದ ಹಳದಿ ಕಾಗದದ ಪಟ್ಟಿ ಕೆಂಪಾಯಿತು. ಅವರು ಅದನ್ನು ಮೊದಲು ಎತ್ತಿ ತೋರಿಸಿದ್ದು ಬಾವಿಯ ಒಡತಿ ದೇಯಿಗಲ್ಲ, ಟಿವಿಯವರ ಕ್ಯಾಮೆರಾಕ್ಕೆ.

"ನೋಡಿ, ಫ್ಲೋರೈಡ್, ಮೂಳೆ ಕೆಡಿಸುವ ವಿಷ. ಯಂತ್ರ ಬೇಡ, ಕರೆಂಟ್ ಬೇಡ, ಕಣ್ಣಿದ್ದರೆ ಸಾಕು," ಎಂದರು. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ಈ ಮಹಾನುಭಾವರ ಬಾಯಲ್ಲಿ ಕ್ಯಾಮೆರಾ ಕಂಡೊಡನೆ ಪಠ್ಯಪುಸ್ತಕದ ಕನ್ನಡ ಹರಿಯುತ್ತಿತ್ತು.

ಬೆಂಗ್ರೆಯ ಯುವಕ ಸಂಘದ ಕಾರ್ಯದರ್ಶಿ ರೂಪೇಶ್ ಆಗಲೇ ಬಾವಿ ಮುಚ್ಚಿಸುವ ಮಾತೆತ್ತಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಿರಾಕಿ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು ಇರುವ ಆ ಮರಳಪಟ್ಟಿಯಲ್ಲಿ ಬೇಸಗೆಯಲ್ಲೂ ಉಪ್ಪಾಗದ ಬಾವಿ ದೇಯಿಯದು. ಹನ್ನೊಂದು ಮನೆಯವರು ಅಲ್ಲಿಂದಲೇ ನೀರು ಹೊರುತ್ತಿದ್ದರು.

ಪಟ್ಟಿಗಳ ಡಬ್ಬಿ ಹಿಡಿದು ಪಕ್ಕದಲ್ಲಿ ಡ್ಯಾಫ್ನಿ ನಿಂತಿದ್ದಳು. ತಾರಾನಾಥರ ಕೈಕೆಳಗೆ ಪಿಎಚ್.ಡಿ. ಮಾಡುತ್ತಾ ನಾಲ್ಕು ವರ್ಷ ಹೆಣಗಿ ಆ ಬಣ್ಣ ತಯಾರಿಸಿದವಳು ಅವಳೇ. ಲ್ಯಾಬಿನ ದುಬಾರಿ ದ್ರಾವಕದಲ್ಲಿ ಅದು ಫ್ಲೋರೈಡ್ ಕಂಡರೆ ಕೆಂಪಾಗುತ್ತಿತ್ತು. ಕುಡಿಯುವ ನೀರಿನಲ್ಲಿ ಎಷ್ಟು ಫ್ಲೋರೈಡ್ ಇದ್ದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಆದರೆ ಸೋಪು, ಸುಣ್ಣ, ಯಾವ ಕ್ಷಾರ ಸೋಕಿದರೂ ಕೆಂಪು. ಇದನ್ನು ಬರೆದ ಪುಟವನ್ನು "ಇದೆಲ್ಲ ಯಾಕೆ ಮಾರಾಯ್ತಿ" ಎಂದು ತಾರಾನಾಥರು ಹರಿದು ಹಾಕಿದ್ದರು. ಅವಳ ಥೀಸಿಸ್ಸಿಗೆ ಅವರ ಸಹಿ ಬೀಳಬೇಕಿದ್ದುದು ಬರುವ ಸೋಮವಾರ. ಅವರ ಬಗ್ಗೆ ಅವಳಿಗೆ ತಿರಸ್ಕಾರವಿತ್ತು. ಪುಟ ಹರಿಯುವಾಗ ಕಸದ ಬುಟ್ಟಿ ಮುಂದೆ ಸರಿಸಿಕೊಟ್ಟ ತನ್ನ ಬಗ್ಗೆ ಅದಕ್ಕಿಂತ ಹೆಚ್ಚು.

"ಬಾಟಲಿ ಸರಿ ತೊಳ್ದಿದ್ರಾ?" ಎಂದು ನೀರು ತುಂಬಿ ತಂದಿದ್ದ ದೇಯಿಯನ್ನು ತಡೆಯಲಾರದೆ ಕೇಳಿದಳು.

ದೇಯಿಗೆ ಅವಮಾನವಾಯಿತು. "ಎಂತ ಹಾಗೆ ಕೇಳುವುದು ಮಗಾ? ದೊಡ್ಡವರು ಬರ್ತಾರೆ ಅಂತ ಸೋಪಿನ ಪುಡಿ ಹಾಕಿ ಮೂರು ಸಲ ಉಜ್ಜಿದ್ದೇನೆ. ಪರಿಮಳ ಇರಲಿ ಅಂತ ಮತ್ತೆ ನೀರು ಹಾಕಿ ತೊಳೆಯಲೂ ಇಲ್ಲ."

ತಾರಾನಾಥರು ಡ್ಯಾಫ್ನಿಯನ್ನು ದುರುಗುಟ್ಟಿ ನೋಡಿದರು.

ದೇಯಿ ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದಳು. "ಇದು ಅರಶಿನಕ್ಕೆ ಸುಣ್ಣ ತಾಗಿದ ಕೆಂಪಲ್ವಾ?"

"ಅಜ್ಜಿ, ಇದು ಸಯನ್ಸ್. ನಿಮ್ಮ ಅಡುಗೆಕೋಣೆ ಅಲ್ಲ," ಎಂದು ಪ್ರೊಫೆಸರರು ನಕ್ಕರು. ರೂಪೇಶನೂ ನಕ್ಕ.

ದೇಯಿ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿದಳು. ಬೆರಳ ತುದಿಯಲ್ಲಿ ಸುಣ್ಣ ತೆಗೆದು, ಮೇಜಿನ ಮೇಲಿದ್ದ ನೀರಿನ ಬಾಟಲಿಗೆ ಅದ್ದಿ ಕಲಕಿದಳು. ಬೆಂಗ್ರೆಯ ನೀರು ಕುಡಿದರೆ ಎಲ್ಲಿ ದೊಡ್ಡಸ್ತಿಕೆಗೆ ಕುಂದೋ ಎಂಬಂತೆ ಪ್ರೊಫೆಸರರು ಪೇಟೆಯಿಂದ ತಂದಿದ್ದ ನೀರು ಅದು.

"ಈಗ ನಿಮ್ಮ ನೀರನ್ನು ನೋಡಿ."

"ಡ್ಯಾಫ್ನಿ, ಡಬ್ಬಿ ಮುಚ್ಚು," ಎಂದರು ತಾರಾನಾಥರು.

ಡ್ಯಾಫ್ನಿ ಒಂದು ಪಟ್ಟಿ ತೆಗೆದು ಅದ್ದಿದಳು. ಮೊದಲಿನದಕ್ಕಿಂತ ಗಾಢವಾದ ಕೆಂಪು. ರೂಪೇಶನ ನಗು ನಿಂತಿತು.

"ಇದರಲ್ಲೂ ಉಂಟಾ ನಿಮ್ಮ ಫ್ಲೋರೈಡ್?" ಎಂದಳು ದೇಯಿ.

"ಇಲ್ಲ," ಎಂದಳು ಡ್ಯಾಫ್ನಿ. "ಇದು ಸುಣ್ಣ. ನಿಮ್ಮ ಬಾಟಲಿಯಲ್ಲಿ ಸೋಪು. ಸರ್‌ಗೆ ಗೊತ್ತುಂಟು. ನನಗೂ ಗೊತ್ತಿತ್ತು."

ತಾರಾನಾಥರು ಕ್ಯಾಮೆರಾಕ್ಕೆ ಬೆನ್ನು ಹಾಕಿ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಈ ಸಲ ತುಳುವಿನಲ್ಲಿ, ಸೋಮವಾರ ಬರುವುದು ಬೇಡ ಎಂದರು.

"ಹಾಗಾದ್ರೆ ನನ್ನ ನೀರು ಒಳ್ಳೇದು?" ದೇಯಿ ಬಿಡಲಿಲ್ಲ.

"ಅದನ್ನೂ ಇದು ಹೇಳುವುದಿಲ್ಲ ಅಜ್ಜಿ. ಬೇರೆ ಲ್ಯಾಬಿಗೆ ನಾನೇ ಕೊಂಡುಹೋಗ್ತೇನೆ."

"ಮತ್ತೆ ಇದು ಎಂತಕ್ಕೆ?"

ದೇಯಿ ಡಬ್ಬಿಯಿಂದ ಒಂದು ಪಟ್ಟಿ ಎಳೆದು, ಸುಣ್ಣದ ಬೆರಳನ್ನು ಅದಕ್ಕೆ ಚೆನ್ನಾಗಿ ಒರೆಸಿಕೊಂಡಳು. ಕೆಂಪಾದ ಪಟ್ಟಿಯನ್ನು ಪ್ರೊಫೆಸರರ ಬಾಟಲಿಯ ಪಕ್ಕದಲ್ಲಿಟ್ಟು, ಲ್ಯಾಬಿಗೆ ಒಯ್ಯುವ ನೀರನ್ನು ಡ್ಯಾಫ್ನಿಗೆ ಸೇದಿಕೊಡಲು ಬಾವಿಯ ಕಡೆ ನಡೆದಳು.