ಕಂಪಂಬಳ ತಾಯಿಯ ನಲವತ್ತೊಂದು ಕಮೆಂಟುಗಳು

೧

ಎಲ್ಲಿಂದ ಶುರು ಮಾಡಲಿ? ಚಿಮಣಿಯಿಂದ ಶುರು ಮಾಡಿದರೆ ಪರಿಸರದ ಕಥೆಯೆಂದು ಪಕ್ಕಕ್ಕಿಡುತ್ತೀರಿ. ಮಗುವಿನ ಸಾವಿನಿಂದ ಶುರು ಮಾಡಿದರೆ ಕಣ್ಣೊರೆಸಿಕೊಂಡು ಹಗುರಾಗುತ್ತೀರಿ. ನಿಮ್ಮನ್ನು ಹಗುರ ಮಾಡುವುದು ನನ್ನ ಕೆಲಸವಲ್ಲ. ಹಾಗಾಗಿ ಒಂದು ವೆಬ್‌ಸೈಟಿಗೆ ಯಾವ ಕಮೆಂಟು ಪೆಟ್ಟಿಗೆ ಹಾಕಬೇಕು ಎಂಬ ಒಣ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಆಕಳಿಸುವವರು ಈಗಲೇ ಆಕಳಿಸಿಬಿಡಿ.

೨

ಸೈಟು ಚಿಸೆಂಗಳದ್ದು. ಗಣಿ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದಳು, ಬಿಟ್ಟಳು. (ಬಿಟ್ಟಳೋ, ಬಿಡಿಸಿದರೋ? ಎರಡು ಪುಟ ಬರೆದಿದ್ದೆ. ಹರಿದೆ.) ತಾಮ್ರದ ಕುಲುಮೆಯಿಂದ ಗಂಧಕದ ಹೊಗೆ ಇಳಿಯುತ್ತದಲ್ಲ, ನಾವು ಸೆಂಟಾ ಎನ್ನುವುದು, ಅದು ನಮ್ಮ ಬಡಾವಣೆ ಕಲೊಬ್ವೆಗೆ ಯಾವ ದಿನ ಎಷ್ಟು ಹೊತ್ತಿಗೆ ಬಂತು ಎಂದು ಅವಳು ಸೈಟಿನಲ್ಲಿ ಹಾಕುತ್ತಿದ್ದಳು. ಯಾರ ಗಂಟಲಿಗೆ ಏನಾಯಿತು ಎಂದು ಜನ ಕೆಳಗೆ ಕಮೆಂಟು ಬರೆಯುತ್ತಿದ್ದರು.

ಆ ಕಮೆಂಟು ಪೆಟ್ಟಿಗೆ ಹೊರಗಿನವರದ್ದು. ಎರಡು ಸಾಲು ಕೋಡ್ ಅಂಟಿಸಿದರೆ ಮುಗಿಯಿತು, ಪುಕ್ಕಟೆ. ಅಂಟಿಸಿದವನು ಕಫ್ವಿಂಬಿ, ಮಾರ್ಕೆಟ್ಟಿನ ಕಂಟೇನರಿನೊಳಗೆ ಮೊಬೈಲು ರಿಪೇರಿ ಮಾಡುವವನು. ಕಮೆಂಟು ಬರೆಯಲು ಖಾತೆ ಬೇಕು. ಬರೆದದ್ದೆಲ್ಲ ಸಮುದ್ರದಾಚೆ ಯಾರದೋ ಗೋದಾಮಿಗೆ ಹೋಗುತ್ತದೆ. ಚಿಸೆಂಗ ಅದರ ಬಗ್ಗೆ ಯೋಚಿಸಿರಲಿಲ್ಲ. ಸೋಮವಾರ ಬೆಳಗ್ಗೆ ಪುಟ ತೆರೆದಾಗ ಬಾನಾ ಕಂಪಂಬ ಬರೆದ ನಲವತ್ತೊಂದು ಕಮೆಂಟುಗಳೂ ಇರಲಿಲ್ಲ.

ಬಾನಾ ಕಂಪಂಬ ಎಂದರೆ ಕಂಪಂಬಳ ತಾಯಿ. ಹೆತ್ತವಳನ್ನು ನಾವು ಮಗುವಿನ ಹೆಸರಿನಿಂದಲೇ ಕರೆಯುವುದು. ಮಗು ಹೋದಮೇಲೂ ಹಾಗೇ. ಕಂಪಂಬ ಕಳೆದ ಆಗಸ್ಟಿನಲ್ಲಿ ಉಸಿರು ಸಿಗದೆ ಸತ್ತಳು. ಏಳು ವರ್ಷ.

ಆ ಆಗಸ್ಟಿನಲ್ಲಿ ಕುಲುಮೆ ಓಡಲೇ ಇಲ್ಲ ಎನ್ನುವುದು ಕಂಪನಿಯ ವಾದ. ಗುರುವಾರ ರಾಜಧಾನಿ ಲುಸಾಕದಿಂದ ಅಧಿಕಾರಿ ವಿಚಾರಣೆಗೆ ಬರುತ್ತಾನೆ. ಚಿಸೆಂಗ ಬರೆದದ್ದನ್ನು ಕೆಲಸ ಬಿಟ್ಟವಳ ಹಗೆ ಎಂದು ತಳ್ಳಿಹಾಕುತ್ತಾರೆ. ಆ ತಿಂಗಳು ಓಡಿತ್ತು ಎನ್ನಲು ಬೇರೆಯವರು ಬರೆದದ್ದರಲ್ಲಿ ಇದ್ದದ್ದು ಆ ನಲವತ್ತೊಂದು ಮಾತ್ರ, ತಾರೀಖು, ಗಂಟೆ ಸಮೇತ.

೩

"ಪೆಟ್ಟಿಗೆಯವರು ಖಾತೇನೇ ತೆಗೆದುಹಾಕಿದಾರೆ," ಎಂದ ಕಫ್ವಿಂಬಿ. "ಹದಿಮೂರು ತುಂಬದ ಮಕ್ಕಳಿಗೆ ಖಾತೆ ಇಲ್ವಂತೆ."

"ಮಕ್ಕಳಾ? ಬಾನಾ ಕಂಪಂಬನಾ?" ಎಂದಳು ಚಿಸೆಂಗ.

ಮಾರಲು ತಂದ ಸಲಾವುಲಾ ಎನ್ನುವ ಹಳೆ ಬಟ್ಟೆಗಳ ಮೂಟೆ ಇಳಿಸಿ, ಅದರ ಮೇಲೆಯೇ ಕೂತಿದ್ದ ಬಾನಾ ಕಂಪಂಬ ಹೇಳಿದಳು: "ಹುಟ್ಟಿದ ದಿನ ಯಾವ್ದು ಅಂತ ಕೇಳ್ತು. ಕೊಟ್ಟೆ."

"ಯಾರದ್ದು ಕೊಟ್ರಿ, ಮಾಯೋ?" ಮಾಯೋ ಎಂದರೆ ಅಮ್ಮ.

"ಅವಳದ್ದು. ಕ್ಲಿನಿಕ್ ಕಾರ್ಡಲ್ಲಿ ಇತ್ತಲ್ಲ."

"ನಿಮ್ಮ ಗುರುತಿನ ಚೀಟೀಲಿ ನಿಮ್ದು ಇದ್ಯಲ್ಲ."

"ಅದು ಆಫೀಸಿನವರು ನನ್ನ ಮುಖ ನೋಡಿ ಅಂದಾಜಿಗೆ ಬರೆದದ್ದು. ನಂಗೆ ಗೊತ್ತಿರೋ ಹುಟ್ಟಿದ ದಿನ ಅದೊಂದೇ ಕಣೆ."

ಕಫ್ವಿಂಬಿ ಸ್ಕ್ರೂಡ್ರೈವರು ಕೆಳಗಿಟ್ಟ. "ಅವರಿಗೆ ಬರೆದು ವಾಪಸ್ ಕೇಳೋಣ. ಹದಿನೈದು ದಿನಕ್ಕೆ ಉತ್ತರ ಬರತ್ತೆ."

"ಆಚೆ ನಾಳಿದ್ದೇ ಗುರುವಾರ," ಎಂದಳು ಚಿಸೆಂಗ. "ನಮ್ಮ ಸೈಟಲ್ಲಿ ಒಂದಕ್ಷರಾನೂ ಉಳಿದಿಲ್ವಾ?"

"ಎಲ್ಲಾ ಅವರ ಹತ್ರಾನೇ ಇದ್ದದ್ದು. ಪುಕ್ಕಟೆ ಅಂತ ಕುಣಿದವಳು ನೀನೇ ತಾನೆ?"

೪

(ಈ ಭಾಗದಲ್ಲಿ ಬಡವರ ನೆನಪುಗಳನ್ನು ದೊಡ್ಡವರ ಗೋದಾಮಿನಲ್ಲಿ ಬಾಡಿಗೆಗೆ ಇಡುವುದರ ಬಗ್ಗೆ ಭಾಷಣವೊಂದಿತ್ತು. ನಮ್ಮ ಓದುವ ಬಳಗದಲ್ಲಿ ಓದಿದೆ. ಎಲ್ಲರೂ ತಲೆದೂಗಿದರು. ಆಗಲೇ ಸಂಶಯ ಬಂತು. ತೆಗೆದೆ.)

೫

ಮಂಗಳವಾರ ಕಫ್ವಿಂಬಿ ಸೈಟಿನದ್ದೇ ಪೆಟ್ಟಿಗೆ ಕಟ್ಟಿದ. ಖಾತೆ ಬೇಡ, ಹುಟ್ಟಿದ ದಿನ ಬೇಡ. ಹೆಸರು ಬರೆ, ಮಾತು ಬರೆ, ಒತ್ತು.

ಬಾನಾ ಕಂಪಂಬ ನೆನಪಿನಿಂದ ಹೇಳತೊಡಗಿದಳು, ಚಿಸೆಂಗ ಪೆಟ್ಟಿಗೆಯಲ್ಲಿ ಬರೆಯುತ್ತ ಹೋದಳು. "ಶುಕ್ರವಾರ, ಆರೂವರೆ, ಬಟ್ಟೆ ಒಣಹಾಕ್ತಿದ್ದೆ. ಅವಳು ಬಾಗಿಲು ಹಿಡ್ಕೊಂಡು ನಿಂತಿದ್ಲು, ಮಾತು ಬರ್ತಿರ್ಲಿಲ್ಲ." ಹತ್ತೊಂಬತ್ತು ಕಮೆಂಟು ಆಗುವ ಹೊತ್ತಿಗೆ ಹೇಳುವುದನ್ನು ನಿಲ್ಲಿಸಿದಳು.

"ಉಳಿದವು?"

"ಒಂದರ ಮೇಲೊಂದು ಬಿದ್ದಿವೆ. ಯಾವ ದಿನದ್ದು ಯಾವ್ದು ಗೊತ್ತಾಗ್ತಿಲ್ಲ. ಗೊತ್ತಿಲ್ಲದ್ದನ್ನ ನಾನು ಹೇಳಲ್ಲ."

ಹತ್ತೊಂಬತ್ತರ ನೆತ್ತಿಯ ಮೇಲೂ ಪೆಟ್ಟಿಗೆ ಮಂಗಳವಾರದ ತಾರೀಖನ್ನೇ ಒತ್ತಿತ್ತು. ಕೂತು ಹೆಣೆದ ಕಥೆ ಎನ್ನಲು ಕಂಪನಿಯ ವಕೀಲನಿಗೆ ಅಷ್ಟು ಸಾಕು. (ಕೂತು ಕಥೆ ಹೆಣೆಯುವವನು ನಾನು. ನನ್ನನ್ನು ಯಾರೂ ವಿಚಾರಣೆಗೆ ಕರೆದಿಲ್ಲ.)

೬

ಬುಧವಾರ ಮಧ್ಯಾಹ್ನ ಇಪ್ಪತ್ತನೆಯ ಕಮೆಂಟು ಬಂತು. ಹೆಸರಿನ ಜಾಗದಲ್ಲಿ ಬಾನಾ ಕಂಪಂಬ ಎಂದೇ ಇತ್ತು.

'ನನ್ನ ಮಗಳು ಕಂಪಂಬ ಆರೋಗ್ಯವಾಗಿದ್ದಾಳೆ. ಹೊಗೆಯಿಂದ ನಮಗೆ ಯಾವ ತೊಂದರೆಯೂ ಇಲ್ಲ. ಕಂಪನಿಗೆ ಧನ್ಯವಾದ.'

ಚಿಸೆಂಗಳ ಬೆರಳು ಡಿಲೀಟಿನ ಮೇಲೆ ಹೋಗಿತ್ತು. ಬಾನಾ ಕಂಪಂಬ ಅವಳ ಮಣಿಕಟ್ಟು ಹಿಡಿದಳು.

"ಇನ್ನೊಂದ್ಸಲ ಓದು."

ಓದಿದಳು.

"ಮೊದಲನೇ ಸಾಲು ಮಾತ್ರ."

ಅದನ್ನೂ ಓದಿದಳು. ಕಫ್ವಿಂಬಿ ಎದ್ದು ಹೊರಗೆ ಹೋದ.

೭

ಇಲ್ಲಿ ನಾನು ಮೂರು ಮುಕ್ತಾಯ ಬರೆದೆ.

ಅ) ಚಿಸೆಂಗ ಸುಳ್ಳನ್ನು ಅಳಿಸುತ್ತಾಳೆ. ಪುಟ ಚೊಕ್ಕಟ.

ಆ) ಹೊರಗಿನವರ ಪೆಟ್ಟಿಗೆಗೇ ಮರಳುತ್ತಾರೆ. ಅಲ್ಲಿ ಖಾತೆ ಬೇಕಲ್ಲ, ಬೇರೆಯವಳು ಇಷ್ಟು ಸುಲಭವಾಗಿ ಬಾನಾ ಕಂಪಂಬ ಆಗಲಾರಳು. ನಿಜವಾದ ಬಾನಾ ಕಂಪಂಬಳೂ ಆಗಲಾರಳು.

ಇ) ಅಧಿಕಾರಿ ಓದಿ ಕಣ್ಣೀರಿಡುತ್ತಾನೆ, ಚಿಮಣಿ ನಿಲ್ಲುತ್ತದೆ. ಇದನ್ನು ಬರೆಯುವಾಗ ನನಗೇ ನಗು ಬಂತು.

ಮೊದಲನೆಯದನ್ನು ಆರಿಸಿಕೊಂಡಾಗ ಚಿಸೆಂಗ ನನ್ನ ಮೇಲೆ ತಿರುಗಿಬಿದ್ದಳು. "ನನ್ನ ಕೈಲಿ ಡಿಲೀಟ್ ಒತ್ತಿಸಿ ನೀನು ಚಪ್ಪಾಳೆ ಗಿಟ್ಟಿಸ್ಕೋಬೇಡ. ಬಾನಾ ಕಂಪಂಬನ್ನ ಕೇಳಿದ್ಯಾ?"

ಕೇಳಿರಲಿಲ್ಲ.

೮

"ಇದಕ್ಕೆ ಉತ್ತರ ಬರೀಬಹುದಾ?" ಎಂದಳು ಬಾನಾ ಕಂಪಂಬ. "ಇದರ ಕೆಳಗೇ?"

"ಬರೀಬಹುದು," ಎಂದ ಒಳಗೆ ಬಂದ ಕಫ್ವಿಂಬಿ. ಕಣ್ಣು ಕೆಂಪಗಿತ್ತು, ಸೆಂಟಾ ಇಳಿದಿದೆ ಎಂದ. "ಆದ್ರೆ ಆಮೇಲೆ ಮೇಲಿಂದನ್ನ ಅಳಿಸಿದ್ರೆ ಕೆಳಗಿನ ಉತ್ತರಾನೂ ಹೋಗತ್ತೆ, ಮಾಯೋ. ನಾನು ಹಾಗೇ ಕಟ್ಟಿದೀನಿ."

"ಬೇರೆ ಕಡೆ ಬರಿಯೋಣ," ಎಂದಳು ಚಿಸೆಂಗ. "ಆ ಸುಳ್ಳು ಅಲ್ಲಿದ್ರೆ ನಾಳೆ ಅಧಿಕಾರಿ ಅದನ್ನೇ ಸಾಕ್ಷಿ ಅಂತ ಎತ್ಕೋತಾನೆ. ನೀವೇ ಒಪ್ಕೊಂಡಿದೀರಿ ಅಂತಾನೆ."

"ಬೇರೆ ಕಡೆ ಬರೆದ್ರೆ ಯಾರಿಗೆ ಹೇಳಿದ್ದು ಅಂತ ಹೇಗೆ ಗೊತ್ತಾಗತ್ತೆ? ಅದು ಅಲ್ಲೇ ಇರ್ಲಿ. ಬರಿ."

ಚಿಸೆಂಗ ಬರೆದಳು. ಒಂದೊಂದು ಮಾತಿಗೂ ತಲೆಯೆತ್ತಿ ನೋಡಿದಳು. ಬಾನಾ ಕಂಪಂಬಳ ದನಿ, ಅಂಗಿಯ ಅಳತೆ ಹೇಳುವಷ್ಟೇ ಸಲೀಸಾಗಿತ್ತು.

'ಆರೋಗ್ಯವಾಗಿದ್ದಾಳೆ ಎಂದಿರಿ. ಸಂತೋಷ. ಹಾಗಾದರೆ ಮನೆಗೆ ಕಳಿಸಿ. ನಾನು ಊಟಕ್ಕೆ ಕಾಯುತ್ತಿದ್ದೇನೆ.'

ಒತ್ತಿದಳು.

೯

ಗುರುವಾರ ಏನಾಯಿತೆಂದು ಕೇಳಬೇಡಿ. ಅಧಿಕಾರಿ ಬಂದ, ಇಬ್ಬರೂ ಬಾನಾ ಕಂಪಂಬರನ್ನು ಓದಿದ, ಒಂದು ಕಮೆಂಟಿಗೆ ಗುರುತು ಹಾಕಿಕೊಂಡ. ಯಾವುದಕ್ಕೆ ಹಾಕಿಕೊಂಡನೋ ನಾನು ನೋಡಲಿಲ್ಲ. ನೋಡಿದ್ದರೂ ಹೇಳಿ ನಿಮ್ಮನ್ನು ಮನೆಗೆ ಕಳಿಸುತ್ತಿರಲಿಲ್ಲ. ಕಥೆ ಮುಗಿಸುವ ಸರದಿ ನನ್ನದಲ್ಲ. ಆ ಇಪ್ಪತ್ತನೆಯ ಕಮೆಂಟು ಬರೆದವರದ್ದು. ಯಾವ ಹೆಸರಿನಲ್ಲಾದರೂ ಬರೆಯಲಿ, ಖಾತೆ ಬೇಕಿಲ್ಲ. ಈ ಸಾಲು ಬರೆಯುವ ಮೊದಲು ಪುಟವನ್ನು ಮತ್ತೊಮ್ಮೆ ತೆರೆದು ನೋಡಿದೆ. ಅವಳ ಮಾತಿನ ಕೆಳಗೆ ಪೆಟ್ಟಿಗೆ ಖಾಲಿಯಾಗಿ ತೆರೆದುಕೊಂಡಿತ್ತು: 'ಇದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.'