ಜಗಲಿಯ ಮೇಲಿನ ಹಿಂದಿ

ಉಚ್ಚಂಗೆಪ್ಪ ಎರಡು ವರ್ಷ ಬೊಂಬಾಯಿಯಲ್ಲಿದ್ದು ಬಂದವನು. ಬೊಂಬಾಯಿ ಕಂಡವನಿಗೆ ಹಿಂದಿ ಬಾರದೆ ಇರುತ್ತದೆಯೇ ಎಂದು ನ್ಯಾಮತಿಯ ಜನ ತಾವೇ ತೀರ್ಮಾನ ಮಾಡಿಕೊಂಡರು. ಅವನು ಅಲ್ಲಿ ಲೋಟ ತೊಳೆದದ್ದು ಉಡುಪಿ ಹೋಟೆಲಿನಲ್ಲಿ. ಮಾಲೀಕ, ಅಡಿಗೆಯವರು, ಗಿರಾಕಿಗಳು, ಎಲ್ಲರದೂ ಕನ್ನಡವೋ ತುಳುವೋ. ಹಿಂದಿಯಲ್ಲಿ ಅವನಿಗೆ ದಕ್ಕಿದ್ದು ನಾಲ್ಕು ಬೈಗುಳ ಮಾತ್ರ. ಇದನ್ನು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಎಂಬತ್ತೈದರಲ್ಲಿ ಅಡಿಕೆ ವ್ಯಾಪಾರದ ಪಂಚಾಕ್ಷರಪ್ಪನವರು ದಾವಣಗೆರೆಯಿಂದ ಟೀವಿ ತಂದು ಪಡಸಾಲೆಯ ಬಾಗಿಲಲ್ಲಿ, ಹೊರಗೆ ಮುಖ ಮಾಡಿ ಇಟ್ಟರು. ರಾತ್ರಿ ಊಟವಾದ ಮೇಲೆ ಜಗಲಿಯ ಮೇಲೆ ಒಂದಷ್ಟು ಜನ, ಅಂಗಳದಲ್ಲಿ ಒಂದಷ್ಟು ಜನ ಸೇರುತ್ತಿದ್ದರು. ಯಾರು ಮೇಲೆ ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಉಚ್ಚಂಗೆಪ್ಪನ ಕೇರಿಯಲ್ಲಿ ಹುಟ್ಟಿದವರಿಗೆ ಅದನ್ನು ಹೇಳಿಕೊಡಬೇಕಾಗಿಯೇ ಇರಲಿಲ್ಲ.

ಆದರೆ ರಾತ್ರಿಯ ವಾರ್ತೆ ಹಿಂದಿಯಲ್ಲಿ ಬರುತ್ತಿತ್ತು. ಎರಡು ದಿನ ಪಿಳಿಪಿಳಿ ನೋಡಿದ ಪಂಚಾಕ್ಷರಪ್ಪ ಮೂರನೆಯ ದಿನ ಅಂಗಳದತ್ತ ತಿರುಗಿದರು.

"ಲೇ ಉಚ್ಚಂಗಿ, ನೀನು ಬೊಂಬಾಯಿ ಕಂಡೋನು. ಮ್ಯಾಲೆ ಬಂದು ಕೂತು ಹೇಳಲೇ, ಏನಂತಾನೆ ಅಂತ."

ಉಚ್ಚಂಗೆಪ್ಪ ಮೆಟ್ಟಿಲು ಹತ್ತಿದ. ಅಪ್ಪ, ಅಜ್ಜ ಯಾರೂ ಹತ್ತದ ಮೆಟ್ಟಿಲು. ಅಷ್ಟು ಹತ್ತಿದ ಮೇಲೆ ಹಿಂದಿ ಬರುವುದಿಲ್ಲ ಎನ್ನುವುದಾದರೂ ಹೇಗೆ? ಚಿತ್ರ ನೋಡಿಕೊಂಡು ಬಾಯಿಗೆ ಬಂದದ್ದು ಹೇಳಿದ.

ಸುದ್ದಿಗಾಗಿ ಅವನು ದೂರ ಹೋಗಬೇಕಾಗಿರಲಿಲ್ಲ. ಅವನ ಗೆಳೆಯ, ಹಮಾಲಿ ಮಾಡುವ ಚಿಕ್ಕಹನುಮಂತಪ್ಪ ಹಿಂದಿನ ವಾರ ಶಿವಮೊಗ್ಗದ ಬಸ್ಸು ಹತ್ತಿ ನಿದ್ದೆ ಹೋಗಿದ್ದ. ಅದೇ ಬಸ್ಸು ತಿರುಗಿ ನ್ಯಾಮತಿಗೆ ಬಂದಾಗ ಎಚ್ಚರಾಗಿ, ಶಿವಮೊಗ್ಗವೆಂದೇ ಇಳಿದು, ದೊಡ್ಡಾಸ್ಪತ್ರೆಗೆ ಯಾವ ದಾರಿ ಎಂದು ತನ್ನ ಭಾವಮೈದುನನನ್ನೇ ಕೇಳಿದ್ದ. ಟೀವಿಯಲ್ಲಿ ವಿಮಾನ ಕಂಡದ್ದೇ ತಡ, ಉಚ್ಚಂಗೆಪ್ಪ ಅದನ್ನೆಲ್ಲ ಡೆಲ್ಲಿಯ ಒಬ್ಬ ಆಫೀಸರನ ತಲೆಗೆ ಕಟ್ಟಿದ. ಜಗಲಿ, ಅಂಗಳ ಎರಡೂ ಬಿದ್ದು ಬಿದ್ದು ನಕ್ಕವು.

"ನಾನು ಬಸ್ಸಲ್ಲಿ ಮಲಗಿ ವಾರ ಆತು," ಎಂದ ಚಿಕ್ಕಹನುಮಂತಪ್ಪ ಮರುದಿನ, ಅದೇ ಕೇರಿಯ ಗೆಳೆಯ ಮೂಕಪ್ಪನ ಪಂಕ್ಚರ್ ಅಂಗಡಿಯಲ್ಲಿ. "ಡೆಲ್ಲಿಗೆ ಈಗ ಮುಟ್ಟೈತೆ."

"ಇನ್ನೊಂದು ಸಲ ಮಲಗು. ಅಮೆರಿಕಕ್ಕೂ ಮುಟ್ಟಿಸ್ತಾನೆ," ಎಂದ ಮೂಕಪ್ಪ.

ಇಬ್ಬರಿಗೂ ಗುಟ್ಟು ಗೊತ್ತಿತ್ತು. ತಮ್ಮವನೊಬ್ಬ ಮೇಲೆ ಕೂತಿದ್ದಾನಲ್ಲ, ಅದು ಉಳಿಯಲಿ ಎಂದು ಬಾಯಿ ಬಿಗಿಹಿಡಿದಿದ್ದರು. ಉಚ್ಚಂಗೆಪ್ಪನಿಗೆ ಮಾತ್ರ ಪ್ರತಿ ರಾತ್ರಿ ಇವತ್ತೇ ಸಿಕ್ಕಿಬಿದ್ದೆ ಎನ್ನುವ ಭಯ.

ಸಿಕ್ಕಿಬಿದ್ದದ್ದು ಮಳೆಗಾಲದಲ್ಲಿ. ಆ ರಾತ್ರಿ ಟೀವಿಯಲ್ಲಿ ದೊಡ್ಡ ಹೊಳೆ, ಹೊಳೆಯ ತುಂಬ ದೋಣಿ, ದೋಣಿಗಳಲ್ಲಿ ಹೆಂಗಸರು, ಮಕ್ಕಳು, ಗಂಟುಮೂಟೆ. ಬೀಗರ ಊರಿಗೆ ಹೊರಟ ದಿಬ್ಬಣ, ಮದುವೆ ಹುಡುಗನನ್ನೇ ದಡದಲ್ಲಿ ಮರೆತು ಬಂದಿದ್ದಾರೆ ಎಂದ ಉಚ್ಚಂಗೆಪ್ಪ. ನಗು ಎದ್ದಿತು. ಬಾಗಿಲ ಹಿಂದೆ ನಿಂತಿದ್ದ ಮನೆಯ ಹೊಸ ಸೊಸೆ ಶಾಂತಾದೇವಿ ತಡೆಯಲಾರದೆ ಹೇಳಿಬಿಟ್ಟಳು. ಅವಳು ಕಲಬುರ್ಗಿ ಕಡೆಯವಳು, ಹಿಂದಿ ಪರೀಕ್ಷೆ ಪಾಸು ಮಾಡಿದವಳು.

"ದಿಬ್ಬಣ ಅಲ್ರಿ ಮಾವಾರ. ಹೊಳಿ ಬಂದು ಊರು ಮುಳುಗ್ಯಾವ. ಮಂದಿ ಸತ್ತಾರ."

ನಗು ಅಲ್ಲಲ್ಲೇ ನಿಂತಿತು. "ಹೌದೇನಲೇ?" ಎಂದರು ಪಂಚಾಕ್ಷರಪ್ಪ.

"ನಂಗೆ ಹಿಂದಿ ಬರಲ್ಲ ಸಾವ್ಕಾರ್ರೆ," ಎಂದು ಉಚ್ಚಂಗೆಪ್ಪ ಕೆಳಗಿಳಿದ. ಸುಳ್ಳು ಹೇಳಿದ್ದಕ್ಕೆ ಅವನಿಗೆ ಅಷ್ಟು ನಾಚಿಕೆಯಾಗಲಿಲ್ಲ. ಸತ್ತವರನ್ನು ತೋರಿಸಿ ನಗಿಸಿದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೆಯ ದಿನದಿಂದ ಶಾಂತಾದೇವಿಯೇ ಬಾಗಿಲ ಹಿಂದಿನಿಂದ ಅರ್ಥ ಹೇಳತೊಡಗಿದಳು. ಗೋಧಿಯ ದರ, ಯಾವುದೋ ಸಭೆ, ಮತ್ತೊಂದು ಸಭೆ. ಎಲ್ಲ ಸರಿಯಾಗಿಯೇ ಇತ್ತು. ಜಗಲಿಯವರು ಆಕಳಿಸಿದರು.

ಅಂಗಳದಲ್ಲಿ ಗೆಳೆಯರು ಉಚ್ಚಂಗೆಪ್ಪನನ್ನು ನಡುವೆ ಹಾಕಿಕೊಂಡು ನಿಂತರು. "ಬಂದ್ಯಾ? ಮ್ಯಾಲೆ ಕೂತು ಕೂತು ನಿಂಗೆ ನಿಲ್ಲಾಕೇ ಮರೆತೈತೆ," ಎಂದ ಮೂಕಪ್ಪ. ಮೂರು ದಿನ ಉಚ್ಚಂಗೆಪ್ಪ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ, ವಾರ್ತೆ ಓದುವವನ ಟೈ ನೋಡಿ ಮೆಲ್ಲಗೆ ಏನೋ ಅಂದ. ಚಿಕ್ಕಹನುಮಂತಪ್ಪ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಅಂಗಳ ನಗುತ್ತಿತ್ತು, ಜಗಲಿ ಗೋಧಿಯ ದರ ಕೇಳುತ್ತಿತ್ತು.

ಪಂಚಾಕ್ಷರಪ್ಪ ಎರಡು ಸಲ ಕತ್ತು ಹೊರಳಿಸಿ ನೋಡಿದರು. "ಅಲ್ಲೇನು ನಗ್ತೀರಲೇ? ಉಚ್ಚಂಗಿ, ಮ್ಯಾಲೆ ಬಾ."

"ಹಿಂದಿ ಬರಲ್ರೀ."

"ಗೊತ್ತೈತೆ. ಬಾ."

ಉಚ್ಚಂಗೆಪ್ಪ ಜಗಲಿಯ ಹತ್ತಿರ ಹೋದ. ಒಂದು ಕಾಲು ಮೆಟ್ಟಿಲ ಮೇಲಿಟ್ಟ, ಇನ್ನೊಂದು ನೆಲ ಬಿಡಲಿಲ್ಲ. ಈಗ ಆಡುವ ಮಾತಿಗೆ ಮೆಟ್ಟಿಲಿರಲಿ, ಅಂಗಳವೂ ತಪ್ಪಿಹೋಗಬಹುದೆಂದು ಅವನಿಗೆ ಗೊತ್ತಿತ್ತು.

"ಹಿಂದಿ ಬರದೋರು ಇನ್ನೂ ಇಬ್ರು ಅದಾರೆ ಸಾವ್ಕಾರ್ರೆ," ಎಂದ. "ಅವ್ರೂ ಬರಬೌದಾ?"

ಪಂಚಾಕ್ಷರಪ್ಪನವರ ಪಕ್ಕದಲ್ಲಿದ್ದ ಇಬ್ಬರು ಟವೆಲ್ ಕೊಡವಿಕೊಂಡು ಎದ್ದು, ಯಾರ ಮುಖವನ್ನೂ ನೋಡದೆ ಹೋದರು. ಅವರು ಬೀದಿಯ ತಿರುವು ದಾಟುವ ತನಕ ಪಂಚಾಕ್ಷರಪ್ಪ ನೋಡುತ್ತ ಕೂತಿದ್ದರು. ಆಮೇಲೆ ಚಾಚಿದ್ದ ಕಾಲು ಮಡಚಿಕೊಂಡು ಕಂಬದ ಕಡೆಗೆ ಸರಿದರು.

"ಬರ್ರಿ," ಎಂದರು.